ಒಂದು ಸಾಲಿನ ಪಾತ್ರ

ಬರೆಯಬೇಕಾಗಿದ್ದದ್ದು ಒಂದೇ ಒಂದು ಪುಟ. ಭಾನುವಾರದ ನಾಟಕದಲ್ಲಿ ಎಲ್ಲರ ಜೊತೆ ಸೇರಿ ಅಭಿನಯಿಸಿದ್ದು ಏನು ಕಲಿಸಿತು ಎಂದು ಬರೆದು ಮಂಗಳವಾರ ಹನ್ನೊಂದಕ್ಕೆ ತನ್ನಿ ಎಂದು ಶಿವಕುಮಾರಿ ಮೇಡಂ ಹೇಳಿದ್ದರು. ಅದರಲ್ಲಿ ‘ನಾನು’ ಆದಷ್ಟು ಕಡಿಮೆ ಇರಲಿ, ಇದು ಹನ್ನೊಂದು ಜನರ ನಾಟಕ, ಇಲ್ಲಿ ನಾಯಕನೂ ಇಲ್ಲ ನಾಯಕಿಯೂ ಇಲ್ಲ ಎಂದೂ ಸೇರಿಸಿದ್ದರು. ಸೋಮವಾರ ವಿಜೇತಾ ಮೂರು ಸಲ ಬರೆದಳು, ಮೂರು ಸಲವೂ ‘ನಾವು’ ಎಂದು ಶುರು ಮಾಡಿದಳು, ಮೂರು ಸಲವೂ ಹರಿದಳು. ಈಗ ಸಯನ್‌ನಿಂದ ಬಂದು ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ ವೆಸ್ಟರ್ನ್ ಲೈನಿನ ಕಡೆ ನಡೆಯುವಾಗ ನಾಲ್ಕನೆಯದು ಬ್ಯಾಗಿನಲ್ಲಿತ್ತು. ನಾವು ಒಬ್ಬರನ್ನೊಬ್ಬರು ನಂಬಲು ಕಲಿತೆವು ಎಂಬುದು ಅದರ ಮೊದಲ ವಾಕ್ಯ. ಆ ವಾಕ್ಯದ ನೆನಪಾದೊಡನೆ ಅವಳ ಕಾಲು ನಿಂತಿತು. ಹಿಂದಿನಿಂದ ಹೂವಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸಿನ ಮೊಣಕೈ ಬೆನ್ನಿಗೆ ತಾಗಿತು. ಚಲ್ ನಾ ಎಂದಳು ಆಕೆ, ಸಿಟ್ಟಿಲ್ಲದೆ. ವಿಜೇತಾ ನಡೆದಳು. ಕ್ಲಾಸಿನಲ್ಲಿ ಎಲ್ಲರೂ ಒಂದೇ ಉಸಿರಿನಲ್ಲಿ, ಒಂದೇ ಹೆಜ್ಜೆಯಲ್ಲಿ ನಡೆಯುವುದನ್ನು ಮೇಡಂ ಒಂದು ತಿಂಗಳು ಅಭ್ಯಾಸ ಮಾಡಿಸಿದ್ದರು. ಇಲ್ಲಿ ಈ ಸೇತುವೆಯ ಮೇಲೆ ಯಾರೂ ಕಲಿಸದೆ ಸಾವಿರ ಜನ ಹಾಗೆಯೇ ನಡೆಯುತ್ತಿದ್ದರು, ಅದಕ್ಕಾಗಿ ಯಾರೂ ಪುಟ ಬರೆಯಬೇಕಾಗಿರಲಿಲ್ಲ.

ಬೋರಿವಲಿಯ ಸ್ಲೋ ಗಾಡಿ ಬಂತು. ಲೇಡೀಸ್ ಡಬ್ಬಿಯ ಬಾಗಿಲ ಬಳಿ ಕಂಬ ಹಿಡಿದು ನಿಂತಳು. ಫೋನ್ ತೆಗೆದರೆ ನಾಟಕದ ಗ್ರೂಪಿನಲ್ಲಿ ಇನ್ನೂ ಹೃದಯದ ಚಿತ್ರಗಳು ಬೀಳುತ್ತಿದ್ದವು. ವಿಜೇತಾ ಇಲ್ಲದಿದ್ದರೆ ನಾವೆಲ್ಲ ಮುಳುಗುತ್ತಿದ್ದೆವು ಎಂದು ಹಿತೇಶ್ ಮತ್ತೆ ಹಾಕಿದ್ದ. ಅದಕ್ಕೆ ಒಂಬತ್ತು ಜನ ಹೆಬ್ಬೆರಳು ತೋರಿಸಿದ್ದರು. ಹನ್ನೊಂದರಲ್ಲಿ ತನ್ನನ್ನೂ ಅವನನ್ನೂ ಬಿಟ್ಟರೆ ಉಳಿಯುವುದು ಒಂಬತ್ತು. ಅಂದರೆ ಕೈನಾತ ಕೂಡ ಹೆಬ್ಬೆರಳು ತೋರಿಸಿದ್ದಾಳೆ. ವಿಜೇತಾ ಹೆಸರುಗಳನ್ನು ತೆರೆದು ನೋಡಿದಳು. ಹೌದು, ತೋರಿಸಿದ್ದಾಳೆ, ನಿನ್ನೆ ಬೆಳಗ್ಗೆ ಏಳಕ್ಕೇ.

ನಾಟಕದಲ್ಲಿ ಮುದುಕಿ ಆಡುವ ಮಾತು ಮೊದಲು ತನ್ನದೇ ಆಗಿತ್ತು ಎನ್ನುವುದನ್ನು ಅವಳು ಎರಡು ದಿನಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ. ಸುಳ್ಳೇನಲ್ಲ. ನಾಟಕದಲ್ಲಿ ಒಂದು ಚಾಳ್, ಒಂದೊಂದೇ ಕೋಣೆಯ ಬಾಡಿಗೆಮನೆಗಳ ಹಳೆಯ ಕಟ್ಟಡ, ನಾಳೆ ಕೆಡವುವವರು ಬರುತ್ತಾರೆ, ಹನ್ನೊಂದು ಜನ ಬಾಡಿಗೆದಾರರು ಕೊನೆಯ ತನಕ ರಂಗದ ಮೇಲೆಯೇ ಇರುತ್ತಾರೆ, ಪ್ರತಿಯೊಬ್ಬರೂ ತಮ್ಮ ಮನೆಯ ಭಾಷೆಯಲ್ಲಿ ಒಂದಷ್ಟು ಮಾತು ತರಬೇಕು. ವಿಜೇತಾ ತನ್ನ ಅಮ್ಮ ನೀಲಾವತಿಯನ್ನು ಕೇಳಿದ್ದಳು. ಕಾಪು ಕಡೆಯಿಂದ ಮದುವೆಯಾಗಿ ಬಂದು, ಕೋಳಿವಾಡದ ಚಾಳಿನಲ್ಲಿ ಒಂದು ವರ್ಷ ಯಾರ ಭಾಷೆಯೂ ತಿಳಿಯದೆ ನಳ್ಳಿಯ ಸಾಲಿನ ಕೊನೆಗೆ ನಿಲ್ಲುತ್ತಿದ್ದ ಕತೆಯನ್ನು ಅಮ್ಮ ತುಳುವಿನಲ್ಲಿ ನಗುತ್ತಾ ಹೇಳಿದಳು. ಅಪ್ಪ ಮೋನಪ್ಪ ಅದನ್ನು ಕನ್ನಡದಲ್ಲಿ ಬರೆದುಕೊಟ್ಟ. ಸಯನ್‌ನ ಹೋಟೆಲೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ದೋಸೆಯ ಕಾವಲಿಯ ಮುಂದೆ ನಿಂತ ಮನುಷ್ಯ, ಏಳನೇ ಕ್ಲಾಸಿನ ತನಕ ಕಲಿತ ಕೈಬರಹ, ಹೋಟೆಲಿನ ಬಿಲ್ ಪ್ಯಾಡಿನ ಹಿಂಬದಿ. ‘ಈ ಊರಿನಲ್ಲಿ ನಾನು ಮೊದಲು ಕಲಿತದ್ದು ಬೈಗುಳ. ಬೈಯಲಿಕ್ಕೆ ಬಂದ ಮೇಲೆಯೇ ನನಗೆ ನೀರು ಸಿಕ್ಕಿದ್ದು.’ ಇಂಗ್ಲಿಷ್ ಮೀಡಿಯಂನ ವಿಜೇತಾಳಿಗೆ ಕನ್ನಡ ಕೂಡಿಸಿ ಕೂಡಿಸಿ ಓದಬೇಕು. ಅಪ್ಪನ ಅಕ್ಷರದ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದಳು. ಎರಡು ವಾರ ಆ ಮುದುಕಿಯ ಪಾತ್ರ ಅವಳದ್ದಾಗಿತ್ತು. ಮೂರನೆಯ ವಾರ ಮೇಡಂ ಕೈಯೆತ್ತಿ ನಿಲ್ಲಿಸಿ, ನೀನು ಓದುತ್ತಿದ್ದೀ, ಮಾತಾಡುತ್ತಿಲ್ಲ ಎಂದರು. ಆಮೇಲೆ ಯಾವ ದುರುದ್ದೇಶವೂ ಇಲ್ಲದೆ ಪಕ್ಕಕ್ಕೆ ತಿರುಗಿ, ಕೈನಾತ, ನಿಮ್ಮ ಮನೆಯಲ್ಲೂ ಕನ್ನಡ ಇದೆಯಲ್ಲ, ನೀನೊಮ್ಮೆ ಹೇಳಿ ನೋಡು ಎಂದರು. ಮಾಲವಣಿಯ ಕೈನಾತ, ವಿಜಾಪುರದ ಕಡೆಯ ಮನೆತನ, ನೆಲದ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದವಳು ಸಿಪ್ಪೆಯನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದಳು: ‘ಈ ಊರಾಗ ನಾ ಮೊದಲ ಕಲ್ತದ್ದು ಬೈಗಳಾ. ಬೈಯ್ಲಿಕ್ಕೆ ಬಂದ ಮ್ಯಾಲೇ ನಳದಾಗ ನೀರು ಬಂತು.’ ಎಲ್ಲರೂ ನಕ್ಕರು. ನಕ್ಕವರು ತಟ್ಟನೆ ಸುಮ್ಮನಾದರು. ಆ ಸುಮ್ಮನಾದದ್ದರಲ್ಲಿಯೇ ಪಾತ್ರ ಕೈಬಿಟ್ಟುಹೋಯಿತೆಂದು ವಿಜೇತಾಳಿಗೆ ತಿಳಿಯಿತು. ಅವಳಿಗೆ ಪಕ್ಕದ ಕೋಣೆಯ ಹುಡುಗಿಯ ಪಾತ್ರ ಬಂತು. ಆ ಹುಡುಗಿಗೆ ಒಂದು ಸಾಲು: ‘ಅಜ್ಜೀ, ಟೆಂಪೊ ಬಂದಿದೆ.’ ಅದೇ ಮುದುಕಿಗೆ ಕ್ಯೂ, ಅವಳು ಅದನ್ನು ಹೇಳಿದರೆ ಗಂಟಿನ ಮೇಲೆ ಕೂತ ಮುದುಕಿ ತಾನು ಯಾಕೆ ಬರುವುದಿಲ್ಲ ಎಂದು ಎರಡು ನಿಮಿಷ ಮಾತಾಡುತ್ತಾಳೆ.

ಇದನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಹೇಳಬಹುದಾಗಿತ್ತು, ಅಪ್ಪನೇನು ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಆದರೆ ಅಂದು ಸಂಜೆ ಅವನು ಕೈಕಾಲು ತೊಳೆದು ಬಂದು, ಎಲ್ಲಿ, ಒಮ್ಮೆ ಹೇಳು ನೋಡುವ ಎಂದು ಚಾಪೆಯ ಮೇಲೆ ಕೂತಾಗ ಅವಳು ಹೇಳಿಯೇಬಿಟ್ಟಳು, ಮೊದಲಿನಿಂದ ಕೊನೆಯ ತನಕ, ಪಾತ್ರ ಇನ್ನೂ ತನ್ನದೇ ಎಂಬಂತೆ. ಮರುದಿನವೂ ಹೇಳಿದಳು. ಮೂರು ವಾರ ಹೇಳಿದಳು. ದಿನವೂ ರಿಹರ್ಸಲಿನಲ್ಲಿ ಕೈನಾತಳನ್ನು ಕೇಳಿ ಬಂದು ರಾತ್ರಿ ಅಪ್ಪನಿಗೆ ಒಪ್ಪಿಸುತ್ತಿದ್ದುದರಿಂದ ಅವಳ ಬಾಯಲ್ಲಿ ಮಾತು ಚಂದವಾಗುತ್ತಾ ಹೋಯಿತು, ಅಪ್ಪ ತೂಗುವ ತಲೆಯನ್ನು ನಿಲ್ಲಿಸಿ ಕೇಳತೊಡಗಿದ.

ಕ್ಲಾಸಿಗೆ ಇಳಿಯಬೇಕಾದ ಬಾಂದ್ರಾ ಬಂತು. ಇಳಿಯುವವರು ಅವಳನ್ನು ತಳ್ಳಿಕೊಂಡು ಇಳಿದರು. ಕಂಬ ಹಿಡಿದ ಅವಳ ಕೈ ಬಿಡಲಿಲ್ಲ. ಸ್ಟೇಷನ್ನಿನಿಂದ ಏಳು ನಿಮಿಷದ ನಡಿಗೆಯ ದೂರದಲ್ಲಿ, ಹಳೆಯ ಶಾಲೆಯೊಂದರ ಎರಡನೆಯ ಮಹಡಿಯಲ್ಲಿ, ಎಲ್ಲರೂ ದುಂಡಗೆ ಕೂತು ತಮ್ಮ ತಮ್ಮ ಪುಟ ಓದುತ್ತಾರೆ. ಕೈನಾತ ಅಲ್ಲಿರುವುದಿಲ್ಲ, ಹುಷಾರಿಲ್ಲ, ಶನಿವಾರ ಎರಡನೆಯ ಪ್ರದರ್ಶನಕ್ಕೆ ಬಂದೇ ಬರುತ್ತೇನೆ ಎಂದು ಮೇಡಂಗೆ ಬರೆದಿದ್ದಳಂತೆ. ಶನಿವಾರಕ್ಕೆ ಹೇಗಿದ್ದರೂ ಅವಳಿಗೆ ಬಾಯಿಪಾಠ ಮಾಡಲು ಏನೂ ಇಲ್ಲ. ಗಾಡಿ ಹೊರಟಿತು.

ಆ ಸಾಲನ್ನು ಹೇಳಬಾರದೆಂದು ತಾನು ಯಾವಾಗ ನಿರ್ಧರಿಸಿದೆ? ನಿರ್ಧರಿಸಲೇ ಇಲ್ಲ ಎನ್ನುವುದು ಸುಳ್ಳು, ನಿರ್ಧರಿಸಿದೆ ಎನ್ನುವುದೂ ಪೂರ್ತಿ ನಿಜವಲ್ಲ. ಭಾನುವಾರ ಸಂಜೆ ನಾಲ್ಕರ ಆಟ. ಹೋಟೆಲಿಗೆ ಭಾನುವಾರ ಎಂದರೆ ಉಸಿರಾಡಲು ಪುರುಸೊತ್ತಿಲ್ಲದ ದಿನ. ಅಂಥ ದಿನ ಅಪ್ಪ ರಜೆ ಕೇಳಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಚಟ್ನಿ ರುಬ್ಬುವ ದೂಜನನ್ನೂ ಕರೆದುಕೊಂಡು ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದ. ಅವಳು ನಡೆದು ಬಂದು ಕೈನಾತಳ ಎದುರು ನಿಂತಾಗ ಅಪ್ಪ ಮುಂದಿನ ಕುರ್ಚಿಯ ಬೆನ್ನು ಹಿಡಿದು ಬಾಗಿದ. ಮಗಳ ಮಾತು ಈಗ ಬರುತ್ತದೆ ಎಂದು ಅವನಿಗೆ ಗೊತ್ತು. ಬಾಯಿ ತೆರೆದಳು. ಅಜ್ಜೀ, ಟೆಂಪೊ ಬಂದಿದೆ. ಇಷ್ಟೇ ಹೇಳಿ ಪಕ್ಕಕ್ಕೆ ಸರಿಯುವುದನ್ನು ಅಪ್ಪ ನೋಡುತ್ತಾನೆ, ದೂಜನೂ ನೋಡುತ್ತಾನೆ. ಬಾಯಿ ಮುಚ್ಚಿತು. ಕೈನಾತ ಗಂಟಿನ ಮೇಲೆ ಕೂತು ಕಾದಳು. ಅವಳ ಕಣ್ಣು ಮೊದಲು ಸುಮ್ಮನಿತ್ತು, ಆಮೇಲೆ ವಿಜೇತಾಳ ಮುಖದಲ್ಲಿ ಏನನ್ನೋ ಹುಡುಕಿತು, ಆಮೇಲೆ ಹೆದರಿತು. ಎಷ್ಟು ಹೊತ್ತು? ಹತ್ತು ಸೆಕೆಂಡು ಎಂದು ಹಿತೇಶ್ ಆಮೇಲೆ ಹೇಳಿದ. ರಂಗದ ಮೇಲೆ ಹತ್ತು ಸೆಕೆಂಡು ಎಂದರೆ ಸಭೆಯಲ್ಲಿ ಜನ ಕಾಲು ಸರಿಸುವುದು ಕೇಳಿಸುತ್ತದೆ. ಆ ಭಯ ಕಂಡ ಮೇಲೆಯೂ ತಾನು ಸಾಲು ಹೇಳಬಹುದಾಗಿತ್ತು. ಹೇಳಲಿಲ್ಲ. ಸಭೆಯ ಕಡೆ ತಿರುಗಿ, ಈ ಊರಾಗ ನಾ ಮೊದಲ ಕಲ್ತದ್ದು ಎಂದು ಶುರು ಮಾಡಿದಳು. ಅಪ್ಪನ ಕನ್ನಡವೂ ಅಲ್ಲ, ತನ್ನದೂ ಅಲ್ಲ. ಕೈನಾತಳ ಎಳೆತ, ಕೈನಾತ ನಿಲ್ಲುತ್ತಿದ್ದಲ್ಲಿ ನಿಲ್ಲುವುದು, ಕೈನಾತ ಮೂಗು ಉಜ್ಜಿಕೊಳ್ಳುತ್ತಿದ್ದಲ್ಲಿ ಮೂಗು ಉಜ್ಜಿಕೊಳ್ಳುವುದು. ಮಾತು ಕಳೆದುಕೊಂಡ ಮುದುಕಿಯ ಬದಲು ಒಂದು ಹುಡುಗಿ ಮಾತಾಡುತ್ತಿದ್ದಾಳೆಂದು ಜನ ತಿಳಿದರು. ಚಪ್ಪಾಳೆ ನಿಲ್ಲಲಿಲ್ಲ. ರಂಗದ ಮೇಲಿದ್ದ ಉಳಿದವರು ವಿಜೇತಾ ಬಾಯಿ ತೆರೆದದ್ದನ್ನಷ್ಟೇ ನೋಡಿದ್ದರು, ಕೈನಾತ ಮಾತು ಮರೆತಳು ಎಂದುಕೊಂಡರು. ಬಣ್ಣ ತೆಗೆಯುವ ಕೋಣೆಯಲ್ಲಿ ಕೈನಾತ ಒಬ್ಬೊಬ್ಬರ ಬಳಿಯೂ ಹೋಗಿ, ಸಾರಿ, ತಲೆ ಖಾಲಿಯಾಯಿತು, ಕ್ಯೂ ಕೇಳಿಸಲೇ ಇಲ್ಲ ಎಂದು ಹೇಳಿದಳು. ವಿಜೇತಾಳ ಬಳಿಗೂ ಬಂದು ಕೈ ಹಿಡಿದುಕೊಂಡು ಥ್ಯಾಂಕ್ಸ್ ಎಂದಳು. ವಿಜೇತಾ, ಇರಲಿ ಬಿಡು, ಆಗುತ್ತದೆ ಎಂದಳು. ಹಾಗೆಂದದ್ದು ನೆನಪಾದರೆ ಈಗಲೂ ಅವಳಿಗೆ ನಾಲಗೆಯನ್ನು ಹಲ್ಲಿನಿಂದ ಕೆರೆದುಕೊಳ್ಳಬೇಕೆನಿಸುತ್ತದೆ. ಶನಿವಾರವೂ ಹೀಗೆಯೇ ಇರಲಿ, ಮುದುಕಿ ಸುಮ್ಮನಿರಲಿ, ಇದು ಇನ್ನೂ ತೀವ್ರವಾಗಿದೆ ಎಂದು ಮೇಡಂ ಅಲ್ಲೇ ತೀರ್ಮಾನಿಸಿದರು. ಕೈನಾತ ತಲೆಯಾಡಿಸಿದಳು.

ಮಲಾಡ್‌ನಲ್ಲಿ ಇಳಿದಳು. ಇಳಿಯುವಾಗಲೂ ತಾನು ಎಲ್ಲಿಗೆ ಹೋಗುತ್ತಿದ್ದೇನೆಂದು ತನಗೆ ಹೇಳಿಕೊಂಡಿರಲಿಲ್ಲ. ಶೇರ್ ರಿಕ್ಷಾದಲ್ಲಿ ಕೂತು ಮಾಲವಣಿ ಎಂದ ಮೇಲೆ ತಿಳಿಯಿತು. ಒಮ್ಮೆ ಈದಿಗೆ ಎಲ್ಲರೂ ಬಂದಿದ್ದ ಮನೆ. ಕೆಳಗೊಂದು ಕೋಣೆ, ಕಬ್ಬಿಣದ ಏಣಿ ಹತ್ತಿದರೆ ಮೇಲೊಂದು. ಬಾಗಿಲಲ್ಲಿ ಕೈನಾತಳ ಅಮ್ಮ ರಜಿಯಾ ಕಾಲು ಚಾಚಿ ಕೂತು, ತಟ್ಟೆಯಲ್ಲಿ ಹರಡಿದ ಕಿವಿಯೋಲೆಗಳಿಗೆ ಒಂದೊಂದೇ ಹೊಳೆಯುವ ಕಲ್ಲು ಅಂಟಿಸುತ್ತಿದ್ದಳು. ಗುರುತು ಹಿಡಿದು, ಬಾ ಬೇಟಿ ಎಂದು ತಟ್ಟೆ ಸರಿಸಿ ಜಾಗ ಮಾಡಿದಳು, ಚಹಾಕ್ಕೆ ನೀರಿಟ್ಟಳು. ಮಗಳು ಮೇಲೆ ಮಲಗಿದ್ದಾಳೆ, ನಿದ್ದೆಯಲ್ಲ, ಸುಮ್ಮನೆ ಮಲಗಿದ್ದಾಳೆ ಎಂದಳು. ಆಮೇಲೆ ದನಿ ತಗ್ಗಿಸಿದಳು.

“ಎರಡ ದಿನಾ ಆತು, ಬಾತ್‌ರೂಮಿನಾಗ ನಿಂತು ಒಂದೇ ಮಾತು ಹೇಳ್ಕೋತಾಳ. ಪೂರಾ ಹೇಳ್ತಾಳ, ಒಂದು ಅಕ್ಷರ ತಪ್ಪೂದಿಲ್ಲ. ಮತ್ತ ಯಾಕ ಮರ್ತೆ ಅಂತ ಅಳ್ತಾಳ.”

ರಜಿಯಾಳ ತಾಯಿಗೂ ಹೀಗೆಯೇ ಮರೆವು ಶುರುವಾಗಿ, ಕೊನೆಗೆ ಮಕ್ಕಳ ಹೆಸರೇ ಹೋಗಿತ್ತು. ಕೈನಾತ ಅದನ್ನು ಚಿಕ್ಕವಳಿದ್ದಾಗ ನೋಡಿದ್ದಾಳೆ, ಈಗ ಅದೇ ತನಗೂ ಬಂತೆಂದು ಕೂತಿದ್ದಾಳೆ. ಆಸ್ಪತ್ರೆಗೆ ಹೋಗೋಣ ಎಂದು ಅವಳೇ ಹೇಳುತ್ತಿದ್ದಾಳೆ. ಇದನ್ನೆಲ್ಲ ರಜಿಯಾ ಕಲ್ಲು ಅಂಟಿಸುತ್ತಲೇ ಹೇಳಿದಳು. ಕೈನಾತಳ ಅಪ್ಪ ಮಜೀದ ಎ.ಸಿ. ರಿಪೇರಿಯವರು, ಎಂದೂ ನಾಟಕ ನೋಡಿದವರಲ್ಲ, ಭಾನುವಾರ ಬಂದಿದ್ದರು. ವಾಪಸು ಬರುವಾಗ ಮಲಾಡಿನಲ್ಲಿ ಇಳಿದು ಮಗಳಿಗೆ ವಡಾ ಪಾವ್ ಕೊಡಿಸಿದರು, ಅಷ್ಟೇ.

ವಿಜೇತಾ ಹಿಂದಿಯಲ್ಲಿ ಒಂದು ವಾಕ್ಯ ಕಟ್ಟಿಕೊಂಡಿದ್ದಳು. ರಿಕ್ಷಾದಲ್ಲಿ ಅದು ನಯವಾಗಿತ್ತು. ಈಗ ಈ ಹೆಂಗಸು ಕನ್ನಡದಲ್ಲಿ ಮಾತಾಡಿದ್ದರಿಂದಲೋ ಏನೋ, ಅದು ಬಾಯಿಗೆ ಬರಲಿಲ್ಲ. ಬಂದದ್ದು ಅವಳ ಮುರುಕು ಕನ್ನಡ.

“ಅವಳು ಮರೆಯಲಿಲ್ಲ, ಆಂಟಿ. ನನ್ನದು ಒಂದು ಸಾಲು ಇತ್ತು. ಅದನ್ನು ನಾನು ಹೇಳಲಿಲ್ಲ.”

ರಜಿಯಾಳ ಬೆರಳು ಕಲ್ಲಿನೊಂದಿಗೆ ನಿಂತಿತು. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಏಣಿಯ ಮೇಲಿದ್ದವಳಿಗೆ. ಯಾವಾಗ ಎದ್ದು ಬಂದಿದ್ದಳೋ, ಕೈನಾತ ಮೇಲಿನ ಮೂರನೆಯ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತಿದ್ದಳು.

“ಟೆಂಪೊ ಬಂದದ ಅಂತ ಹೇಳಲೇ ಇಲ್ಲಾ?”

“ಇಲ್ಲ.”

“ಹೇಳಿದಿ, ನನಗ ಕೇಳಸಲಿಲ್ಲ, ಹಂಗಲ್ಲಾ?”

“ಅಲ್ಲ. ನಾನು ಹೇಳಲಿಲ್ಲ.”

ಕೈನಾತ ಏಣಿಯ ಮೇಲೆಯೇ ಕೂತಳು. ವಿಜೇತಾ ಕಾದದ್ದು ಬೈಗುಳಕ್ಕೆ; ಬಂದದ್ದು ನಗು. ಸದ್ದಿಲ್ಲದೆ, ಭುಜ ಕುಣಿಯುವಂತೆ, ಕಣ್ಣಲ್ಲಿ ನೀರು ಬರುವಂತೆ ಕೈನಾತ ನಕ್ಕಳು. ಅಮ್ಮಿ, ನಾ ಮರ್ತಿಲ್ಲ ಎಂದಳು. ವಿಜೇತಾಳ ಕಡೆ ನೋಡಲೇ ಇಲ್ಲ. ನಾ ಮರ್ತಿಲ್ಲ ಅಮ್ಮಿ ಎಂದು ಇನ್ನೊಮ್ಮೆ ಹೇಳಿ ಇಳಿದು ಬಂದು ತಾಯಿಯ ಹೆಗಲಿಗೆ ಹಣೆ ಹಚ್ಚಿದಳು. ರಜಿಯಾ ಅಂಟು ಹತ್ತಿದ ಬೆರಳುಗಳನ್ನು ದೂರ ಹಿಡಿದು, ಮುಂಗೈಯಿಂದ ಮಗಳ ಬೆನ್ನು ಸವರಿದಳು. ಆ ಸಂತೋಷ ನೋಡುತ್ತಾ ಕೂತಿರುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು. ಈ ಎರಡು ದಿನ ಅಪ್ಪ ಏನೆಂದುಕೊಂಡಾನು, ಮೇಡಂ ಏನೆಂದುಕೊಂಡಾರು ಎಂದೆಲ್ಲ ವಿಜೇತಾ ಯೋಚಿಸಿದ್ದಳು. ಒಬ್ಬ ಹುಡುಗಿ ಬಾತ್‌ರೂಮಿನಲ್ಲಿ ನಿಂತು ತನ್ನ ತಲೆಯನ್ನೇ ಪರೀಕ್ಷಿಸಿಕೊಳ್ಳುತ್ತಿರಬಹುದು ಎಂಬುದು ಹೊಳೆದೇ ಇರಲಿಲ್ಲ.

ಸಿಟ್ಟು ಆಮೇಲೆ ಬಂತು. ಯಾಕೆ ಎಂದು ಕೈನಾತ ಕೇಳಿದಳು. ವಿಜೇತಾ ಹೇಳಿದಳು: ಪಾತ್ರ ಮೊದಲು ತನ್ನದಾಗಿತ್ತು, ಮನೆಯಲ್ಲಿ ಹೇಳಿರಲಿಲ್ಲ, ಅಪ್ಪ ರಜೆ ಹಾಕಿ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದ. ಹೇಳುತ್ತಾ ಹೋದಂತೆ ಅದು ತನಗೇ ಒಂದು ಅಹವಾಲಿನಂತೆ ಕೇಳಿಸತೊಡಗಿತು.

“ನಮ್ಮ ಅಬ್ಬಾನೂ ಇದ್ದರು” ಎಂದಳು ಕೈನಾತ. “ಐದನೇ ಸಾಲಿನಾಗ.”

ಗ್ರೂಪಿನಲ್ಲಿ ಹಾಕು, ಈಗಲೇ, ನನ್ನ ಮುಂದೆ ಎಂದಳು ಕೈನಾತ. ವಿಜೇತಾ ಫೋನ್ ತೆಗೆದು ಬರೆದಳು, ಕ್ಲಾಸಿನವರೆಲ್ಲ ಬರೆಯುವ ಹಿಂದಿಯಲ್ಲಿ: ಭಾನುವಾರ ಕ್ಯೂ ಮಿಸ್ ಆಯಿತು, ಅದರಲ್ಲಿ ಕೈನಾತಳ ತಪ್ಪಿಲ್ಲ. ಕೈನಾತ ಹೆಗಲ ಮೇಲಿಂದ ಓದಿ, ಮಿಸ್ ಆಯ್ತು ಅಂತ ಬರೀಬ್ಯಾಡ, ಯಾರೋ ಬಸ್ ಮಿಸ್ ಮಾಡ್ಕೊಂಡಂಗ ಎಂದಳು. ವಿಜೇತಾ ಅಳಿಸಿದಳು. ನನ್ನಿಂದ ಕ್ಯೂ ತಪ್ಪಿತು ಎಂದು ಬರೆದಳು. ಅದನ್ನೂ ಅಳಿಸಬೇಕಾಯಿತು. ಕೊನೆಗೆ ಉಳಿದದ್ದು ಇಷ್ಟು: ನಾನು ಬೇಕೆಂದೇ ನನ್ನ ಸಾಲು ಹೇಳಲಿಲ್ಲ, ಕೈನಾತ ಮರೆತಿರಲಿಲ್ಲ, ಆ ಮಾತು ಅವಳದು. ‘ಬೇಕೆಂದೇ’ ಎಂಬಲ್ಲಿ ಅವಳ ಹೆಬ್ಬೆರಳು ತಡೆಯಿತು. ಕೈನಾತ ಕಾದಳು. ವಿಜೇತಾ ಕಳಿಸಿದಳು.

ಹನ್ನೊಂದೂಕಾಲು. ಬಾಂದ್ರಾದಲ್ಲಿ ಎಲ್ಲರೂ ದುಂಡಗೆ ಕೂತಿರುವ ಹೊತ್ತು. ಒಬ್ಬೊಬ್ಬರಾಗಿ ಓದಿದ ಗುರುತು ಬಿತ್ತು. ಹಿತೇಶ್ ತನ್ನ ನಿನ್ನೆಯ ಮಾತನ್ನು ಅಳಿಸಿದ. ಅಷ್ಟರಲ್ಲಿ ರಜಿಯಾ ಚಹಾ ತಂದಳು. ಅವಳ ಬಾಯಿಂದ ಮೊದಲಿನ ‘ಬೇಟಿ’ ಹೋಗಿತ್ತು. ಮನೆಗೆ ಬಂದವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದು, ಲೋಟವನ್ನು ಕೈಗೆ ಕೊಡದೆ ನೆಲದ ಮೇಲೆ ಇಟ್ಟಳು. ವಿಜೇತಾ ಆರುವ ತನಕ ಕಾಯದೆ ಬಾಯಿ ಸುಟ್ಟುಕೊಂಡು ಕುಡಿದಳು. ಲೋಟ ಖಾಲಿಯಾಗುವ ಹೊತ್ತಿಗೆ ಮೇಡಂ ಬರೆದರು: ಶನಿವಾರ ಮಾತು ಕೈನಾತಳದು. ವಿಜೇತಾ ಇರಬೇಕೋ ಬೇಡವೋ ಕೈನಾತ ಹೇಳಲಿ. ಕೈನಾತ ಓದಿ, ತಾಯಿಯ ತಟ್ಟೆಯಿಂದ ಒಂದು ಓಲೆ ಎತ್ತಿ, ಕಲ್ಲು ಗಟ್ಟಿಯಾಗಿ ಕೂತಿದೆಯೇ ಎಂದು ಉಗುರಿನಿಂದ ಒತ್ತಿ ನೋಡಿದಳು. ಇರಲಿ ಎಂದು ಬರೆದಳು. ವಿಜೇತಾಳ ಮುಖ ಅರಳಿದ್ದನ್ನು ಕಂಡು, ಮಾಫ್ ಮಾಡಿದೆ ಎಂದು ತಿಳಿಯಬೇಡ ಎಂದಳು. ನಾಲ್ಕು ದಿನದಲ್ಲಿ ಹೊಸಬರಿಗೆ ಓಡಾಟವೆಲ್ಲ ಹೇಳಿಕೊಡಲು ಆಗುವುದಿಲ್ಲ, ಅದಕ್ಕೆ. ಬಾಗಿಲ ತನಕ ಬರಲಿಲ್ಲ.

ವಾಪಸು ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಒಳಗೆ ಏನೋ ಸ್ಥಳ ಬದಲಾಯಿಸಿ ಕೂತಿತ್ತು, ಅಷ್ಟೆ. ಬಾಂದ್ರಾದಲ್ಲಿ ಇಳಿದು ಕ್ಲಾಸಿಗೆ ಹೋಗಬೇಕೆಂದುಕೊಂಡಳು, ಎರಡು ಸಲ ಎದ್ದಳು, ಎರಡು ಸಲ ಕೂತಳು. ದಾದರ್‌ನ ಬೆಂಚಿನ ಮೇಲೆ ಒಂದು ಗಂಟೆಗೂ ಹೆಚ್ಚು ಕೂತು, ಗಾಡಿ ಬದಲಿಸಿ ಸಯನ್‌ನಲ್ಲಿ ಇಳಿದಾಗ ಮೂರು ಗಂಟೆ. ಮನೆಗೆ ಹೋಗದೆ ಹೋಟೆಲಿನ ಹಿಂಬಾಗಿಲಿಗೆ ಹೋದಳು. ಮಧ್ಯಾಹ್ನದ ಗದ್ದಲ ಮುಗಿದು, ಸಂಜೆಯದು ಶುರುವಾಗದ ಹೊತ್ತು. ಅಪ್ಪ ಕಾವಲಿಯನ್ನು ಕೆರೆದು ಕೆರೆದು ತೊಳೆಯುತ್ತಿದ್ದ. ದೂರದ ಕಿಟಕಿಯ ಬಳಿ ದೂಜ, ಬೇರೇನೂ ಕೇಳಿಸದಷ್ಟು ಸದ್ದು ಮಾಡುತ್ತಾ, ತೆಂಗಿನಕಾಯಿ ಒಡೆಯುತ್ತಿದ್ದ. ಮಗಳನ್ನು ಕಂಡು ಅಪ್ಪನಿಗೆ ಖುಷಿಯಾಯಿತು. ಬೆಳಗ್ಗೆ ಕೂಡ ಮೂರ್ನಾಲ್ಕು ಗಿರಾಕಿಗಳಿಗೆ ನಿನ್ನ ನಾಟಕದ ಬಗ್ಗೆ ಹೇಳಿದ್ದೇನೆ ಎಂದು ತುಳುವಿನಲ್ಲಿ ಶುರು ಮಾಡಿದ. ಅವಳು ಹೇಳಲು ಬಿಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, ಪಾತ್ರ ಯಾವತ್ತು ಹೋಯಿತು ಎನ್ನುವಲ್ಲಿಂದ ಮಾಲವಣಿಯ ಚಹಾದ ತನಕ ಒಂದೇ ದಮ್ಮಿನಲ್ಲಿ ಹೇಳಿದಳು.

ಅಪ್ಪ ಕೆರೆಯುವುದನ್ನು ನಿಲ್ಲಿಸಲಿಲ್ಲ, ನಿಧಾನ ಮಾಡಿದ. ಕಾವಲಿಯ ಮೇಲೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸಿದ. ಆಮೇಲೆ ಮಾತಾಡಿದ, ತುಳುವಿನಲ್ಲಲ್ಲ, ಕನ್ನಡದಲ್ಲಿ. ಅವನಿಗೆ ಗಂಭೀರವಾದ ಮಾತಿಗೆಲ್ಲ ಕನ್ನಡ.

“ನಾನು ಬರೆದುಕೊಟ್ಟದ್ದು ಅಷ್ಟು ಚಂದ ಇರ್ಲಿಲ್ಲ. ಇವಳಿಗೆ ಎಲ್ಲಿಂದ ಬಂತು ಅಂತ ನಾನು ಯೋಚನೆ ಮಾಡ್ತಾ ಇದ್ದೆ. ಆ ಹುಡುಗಿಯದ್ದಾ?”

“ಹೌದು.”

“ಅಮ್ಮನಿಗೆ ಹೇಳಿದ್ದಿಯಾ?”

“ಇಲ್ಲ.”

ಅವನು ಕೈ ಒರೆಸಿಕೊಂಡ. ಬೈಯುತ್ತಾನೆಂದು, ಇಲ್ಲವೆ ಹೋಗಲಿ ಬಿಡು ಎನ್ನುತ್ತಾನೆಂದು ಅವಳು ಕಾದಳು. ಎರಡರಲ್ಲಿ ಯಾವುದಾದರೂ ಒಂದು ಆಗಿದ್ದರೆ ಮನೆಗೆ ಹೋಗಬಹುದಾಗಿತ್ತು. ಅವನು ಕಿಟಕಿಯ ಕಡೆ ತಿರುಗಿ, ದೂಜಾ, ಶನಿವಾರ ಇನ್ನೊಮ್ಮೆ ಹೋಗ್ಲಿಕ್ಕುಂಟು, ಮೊನ್ನೆ ನಾವು ನೋಡಿದ್ದು ಸರಿಯಾದದ್ದಲ್ಲವಂತೆ ಎಂದ. ದೂಜ ಕಾಯಿ ಒಡೆಯುವುದನ್ನು ನಿಲ್ಲಿಸಿ, ಯಾಕೆ, ಚಂದ ಇತ್ತಲ್ಲ, ಎಲ್ಲರೂ ಚಪ್ಪಾಳೆ ಹೊಡೆದರಲ್ಲ ಎಂದು ಕೇಳಿದ.

“ಅವಳೇ ಹೇಳ್ತಾಳೆ” ಎಂದು ಅಪ್ಪ ಒಲೆ ಹಚ್ಚಲು ಬಗ್ಗಿದ.

ದೂಜ ಕೈಯಲ್ಲಿ ಅರ್ಧ ಹೋಳು ಹಿಡಿದುಕೊಂಡು ಅವಳ ಕಡೆ ನೋಡಿದ. ಚಪ್ಪಲಿ ಕಳಚಿ ವಿಜೇತಾ ಒಳಗೆ ಬಂದಳು. ಮೊದಲಿನಿಂದ ಹೇಳಲು ಶುರು ಮಾಡಿದಳು.